ಐದು ನಿಮಿಷದ ಕೆಲಸಕ್ಕೆ 4,350 ರೂಪಾಯಿ: ಕಣ್ಣಿನ ಬಿಲ್ಲನ್ನು ಹೇಗೆ ಓದಬೇಕು, ಯಾರನ್ನು ಕೇಳಬೇಕು

ಓದುಗರ ಪ್ರಶ್ನೆ: ಡಾಕ್ಟರೇ, ನಾವು ಹುಬ್ಬಳ್ಳಿಯವರು. ನಮ್ಮ ಮನೆಯವರು ಗೋಕುಲ ರೋಡಿನ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಗ್ರೈಂಡಿಂಗ್ ಕೆಲಸ ಮಾಡುತ್ತಾರೆ. ಹೋದ ವಾರ ಕಣ್ಣಿಗೆ ಕಬ್ಬಿಣದ ಕಿಡಿ ಸಿಡಿಯಿತು. ಒಂದು ಖಾಸಗಿ ಕಣ್ಣಿನ ಆಸ್ಪತ್ರೆಗೆ ಹೋದೆವು. ಬೋರ್ಡಿನಲ್ಲಿ ಕನ್ಸಲ್ಟೇಶನ್ 500 ಎಂದು ಬರೆದಿತ್ತು. ಡಾಕ್ಟರು ಮಷಿನ್ ಮುಂದೆ ಕೂರಿಸಿ, ಹನಿ ಹಾಕಿ, ಐದು ನಿಮಿಷದಲ್ಲಿ ಕಿಡಿ ತೆಗೆದರು. ಆಚೆ ಬಂದರೆ 4,350 ರೂಪಾಯಿ ಬಿಲ್! ಕನ್ಸಲ್ಟೇಶನ್ 500, ಎಫ್‌ಬಿ ರಿಮೂವಲ್ 1,200, ಮೈನರ್ ಓಟಿ 1,500, ಕನ್ಸ್ಯೂಮಬಲ್ಸ್ 350, ಓಸಿಟಿ 800. ಯಾರೂ ಮೊದಲೇ ಒಂದು ಮಾತು ಹೇಳಲಿಲ್ಲ. ನಮ್ಮದೊಂದು ಫ್ಯಾಮಿಲಿ ಪಾಲಿಸಿ ಇದೆ. ಏಜೆಂಟರನ್ನು ಕೇಳಿದರೆ ‘ಇದು ಓಪಿಡಿ, ಅಡ್ಮಿಟ್ ಆಗಿಲ್ಲ, ಬರಲ್ಲ’ ಎಂದರು. ಮೂರು ದಿನ ಬಿಟ್ಟು ಬನ್ನಿ ಅಂತ ಡಾಕ್ಟರು ಹೇಳಿದ್ದರು. ‘ಮತ್ತೆ ಸುಲಿಗೆ ಮಾಡ್ತಾರೆ’ ಅಂತ ಇವರು ಹೋಗಲು ಒಪ್ಪುತ್ತಿಲ್ಲ. ಕಣ್ಣು ಇನ್ನೂ ಸ್ವಲ್ಪ ಕೆಂಪಗಿದೆ. ನಾವು ಮೋಸ ಹೋದೆವಾ?

ಉತ್ತರ: ಬಿಲ್ಲಿನ ಮಾತು ಆಮೇಲೆ ಆಡೋಣ ತಂಗಿ, ಮೊದಲು ಕಣ್ಣು. ನಾಳೆ ಬೆಳಿಗ್ಗೆಯೇ ಅವರನ್ನು ಕರೆದುಕೊಂಡು ಹೋಗಿ ತೋರಿಸಿ. ಅದೇ ಆಸ್ಪತ್ರೆಗೆ ಹೋಗಲು ಮನಸ್ಸಿಲ್ಲದಿದ್ದರೆ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿ. ಕಿಡಿ ತೆಗೆದ ಕಣ್ಣು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಿಳಿಯಾಗಬೇಕು. ವಾರವಾದರೂ ಕೆಂಪಗಿದೆ ಎಂದರೆ ತುಕ್ಕು ಉಳಿದಿರಬಹುದು, ಸೋಂಕು ಶುರುವಾಗಿರಬಹುದು. ನೋವು ಜಾಸ್ತಿಯಾಗಿದ್ದರೆ, ಬೆಳಕಿಗೆ ಕಣ್ಣು ಬಿಡಲು ಆಗದಿದ್ದರೆ, ಮಂಜು ಕವಿದಂತೆ ಕಂಡರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ನಾಳೆಯವರೆಗೂ ಕಾಯಬೇಡಿ, ಇವತ್ತೇ ಹೋಗಿ.

ಅಲ್ಲಿಯವರೆಗೆ ಮೆಡಿಕಲ್ ಶಾಪಿನಲ್ಲಿ ‘ಕಣ್ಣು ಕೆಂಪಗಾಗಿದೆ, ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳಿ ತಂದು ಹಾಕಬೇಡಿ. ಹಾಗೆ ಕೊಡುವ ಎಷ್ಟೋ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆಂಪು ಬೇಗ ಇಳಿಯುತ್ತದೆ, ಒಳಗೆ ಸೋಂಕು ಇದ್ದರೆ ಅದು ಬೆಳೆಯುತ್ತದೆ. ಹರಳೆಣ್ಣೆ, ಎದೆಹಾಲು, ನಂದಿಬಟ್ಟಲು ಹೂವಿನ ರಸ ಯಾವುದೂ ಬೇಡ. ಮೊದಲು ಕೊಟ್ಟಿದ್ದ ಆಂಟಿಬಯೋಟಿಕ್ ಹನಿ ಇದ್ದರೆ ಡಾಕ್ಟರು ಬರೆದಷ್ಟು ಸಲ ಹಾಕುತ್ತಿರಿ.

ಇದನ್ನು ಮೊದಲು ಹೇಳಲು ಕಾರಣವಿದೆ. ಬಿಲ್ಲಿಗೆ ಹೆದರಿ ಎರಡನೇ ಸಲ ಬಾರದವರನ್ನು ನಾನು ಬಹಳ ನೋಡಿದ್ದೇನೆ. ಅವರು ಬರುವುದು ಇಪ್ಪತ್ತು ದಿನ ಬಿಟ್ಟು, ಕಣ್ಣಿನ ಮುಂಭಾಗದ ಪದರವಾದ ಕಾರ್ನಿಯಾದಲ್ಲಿ ಹುಣ್ಣು ಮಾಡಿಕೊಂಡು. ಹುಣ್ಣು ವಾಸಿಯಾದರೂ ಕಲೆ ಉಳಿಯುತ್ತದೆ. ಕಲೆ ನಡುಮಧ್ಯೆ ಇದ್ದರೆ ನೋಟ ಹೋಗುತ್ತದೆ. ಹೇಳದೆ ಹಾಕಿದ ಬಿಲ್ಲು ಜೇಬಿಗೆ ಮಾತ್ರ ಹೊಡೆಯುವುದಿಲ್ಲ, ಜನ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತದ ಹಾಗೆ ಮಾಡುತ್ತದೆ. ನನಗೆ ಜಾಸ್ತಿ ಸಂಕಟವಾಗುವುದು ಅದಕ್ಕೇ.

ಈಗ ನಿಮ್ಮ ಪ್ರಶ್ನೆ. ಮೋಸ ಹೋದಿರಾ? ದುಡ್ಡು ತೆಗೆದುಕೊಂಡದ್ದು ಮೋಸ ಅಲ್ಲ. ಹೇಳದೆ ತೆಗೆದುಕೊಂಡದ್ದು ತಪ್ಪು. ನಿಮ್ಮ ಬಿಲ್ಲಿನ ಎರಡು ಸಾಲುಗಳನ್ನು ಮಾತ್ರ ನೀವು ಧೈರ್ಯವಾಗಿ ಪ್ರಶ್ನೆ ಮಾಡಬಹುದು.

ಆ ಐದು ನಿಮಿಷದಲ್ಲಿ ಏನಾಯಿತು ಎನ್ನುವುದನ್ನು ಹೇಳುತ್ತೇನೆ. ಕರಿಗುಡ್ಡೆಯ ಮುಂದೆ ಗಾಜಿನಂಥ ಒಂದು ಪದರ ಇದೆ, ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಗ್ರೈಂಡಿಂಗ್ ಕಿಡಿ ಬಿಸಿಯಾಗಿ ಬಂದು ಅದರಲ್ಲಿ ನೆಡುತ್ತದೆ. ಕೆಲವೇ ಗಂಟೆಗಳಲ್ಲಿ ಕಣ್ಣೀರಿನ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯಲು ಶುರುವಾಗಿ ಸುತ್ತ ಕಂದು ಉಂಗುರ ಕಟ್ಟುತ್ತದೆ. ಡಾಕ್ಟರು ಮೊದಲು ಮರಗಟ್ಟಿಸುವ ಹನಿ ಹಾಕುತ್ತಾರೆ. ಅರ್ಧ ನಿಮಿಷದಲ್ಲಿ ಕಣ್ಣು ಜೋಮು ಹಿಡಿಯುತ್ತದೆ, ಹದಿನೈದು ನಿಮಿಷದಷ್ಟು ಹಾಗೇ ಇರುತ್ತದೆ. ಆಮೇಲೆ ಗಲ್ಲ ಇಟ್ಟು ಕೂರಿಸುವ ಆ ಮಷಿನ್, ಸ್ಲಿಟ್ ಲ್ಯಾಂಪ್, ಅದರಲ್ಲಿ ಹತ್ತಾರು ಪಟ್ಟು ದೊಡ್ಡದು ಮಾಡಿ ನೋಡುತ್ತಾ ಸೂಜಿಯ ತುದಿಯಿಂದ ಕಿಡಿಯನ್ನು ಎಬ್ಬಿಸುತ್ತಾರೆ. ರೋಗಿ ತಲೆ ತಟ್ಟನೆ ಮುಂದಕ್ಕೆ ತಂದರೆ, ಡಾಕ್ಟರ ಕೈ ಒಂದಿಷ್ಟು ಮುಂದೆ ಹೋದರೆ ಆ ಅರ್ಧ ಮಿಲಿಮೀಟರ್ ತೂತಾಗಬಹುದು. ಈ ಕೈ ಬರಲು ನನಗೆ ವರ್ಷಗಳೇ ಹಿಡಿದವು. ಹಾಗಾಗಿ 1,200 ರೂಪಾಯಿಯ ಎಫ್‌ಬಿ ರಿಮೂವಲ್ ಬಗ್ಗೆ, ಅಂದರೆ ಕಣ್ಣಿನಲ್ಲಿ ಬಿದ್ದದ್ದನ್ನು ತೆಗೆದ ಚಾರ್ಜಿನ ಬಗ್ಗೆ, ನನ್ನ ತಕರಾರಿಲ್ಲ. ಅದು ಕೆಲಸದ ಕೂಲಿ. ಶೆಡ್ಡಿನ ಗೆಳೆಯರು ಕರ್ಚೀಫಿನ ತುದಿಯಿಂದಲೋ ಪಿನ್ನಿನಿಂದಲೋ ತೆಗೆಯಲು ಹೋಗಿ ಹಾಳು ಮಾಡಿದ ಕಣ್ಣುಗಳನ್ನು ನೋಡಿದವನಾಗಿ ಇದನ್ನು ಹೇಳುತ್ತಿದ್ದೇನೆ.

ನನ್ನ ಮೊದಲ ಪ್ರಶ್ನೆ ಮೈನರ್ ಓಟಿಯ, ಅಂದರೆ ಸಣ್ಣ ಆಪರೇಷನ್ ಕೋಣೆಯ, 1,500ಕ್ಕೆ. ನೀವೇ ಬರೆದಿದ್ದೀರಿ, ಮಷಿನ್ ಮುಂದೆ ಕೂರಿಸಿಯೇ ತೆಗೆದರು ಅಂತ. ಹಾಗಿದ್ದರೆ ಅವರು ಓಟಿಗೆ ಹೋಗಲೇ ಇಲ್ಲ. ಓಟಿ ಚಾರ್ಜ್ ಎಂದರೆ ಆ ಕೋಣೆಯ, ಅಲ್ಲಿನ ಮಂಚ, ದೀಪ, ಶುಚಿತ್ವ, ಸಿಬ್ಬಂದಿಯ ಖರ್ಚು. ಬೇರೆ ಕೋಣೆಗೆ ಕರೆದೊಯ್ದು ಮಲಗಿಸಿ ಮಾಡಿದ್ದರೆ ಸರಿ. ಕನ್ಸಲ್ಟೇಶನ್ ಕುರ್ಚಿಯಲ್ಲೇ ಮುಗಿದ ಕೆಲಸಕ್ಕೆ ಅದು ಹೇಗೆ ಬಂತು ಎಂದು ಕೇಳಿ. ಎಷ್ಟೋ ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ಪ್ರೊಸೀಜರ್ ಎಂದು ಒತ್ತಿದ ಕೂಡಲೇ ಓಟಿ ಚಾರ್ಜೂ ತಾನಾಗಿ ಸೇರಿಕೊಳ್ಳುತ್ತದೆ. ಕೌಂಟರಿನ ಹುಡುಗಿಗೆ ರೋಗಿ ಎಲ್ಲಿ ಕೂತಿದ್ದರು ಅಂತ ಗೊತ್ತಿರುವುದಿಲ್ಲ. ಸಮಾಧಾನವಾಗಿ ಕೇಳಿದರೆ ತೆಗೆದುಹಾಕಿದ ಉದಾಹರಣೆಗಳಿವೆ.

ಎರಡನೆಯದು ಓಸಿಟಿಯ 800. ಇದು ಸಾಮಾನ್ಯವಾಗಿ ಕಣ್ಣಿನ ಹಿಂಭಾಗದ ನರದ ಪರದೆಯನ್ನು ಪದರ ಪದರವಾಗಿ ತೋರಿಸುವ ಸ್ಕ್ಯಾನ್. ಸಕ್ಕರೆ ಕಾಯಿಲೆಯವರಿಗೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇರುವವರಿಗೆ ಬಹಳ ಉಪಯೋಗ. ಮೇಲ್ಮೈಯಲ್ಲಿ ನೆಟ್ಟ ಕಿಡಿಗೆ ಅದರ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಕಿಡಿ ಎಷ್ಟು ಆಳಕ್ಕೆ ಹೋಗಿದೆ ಎಂಬ ಅನುಮಾನ ಬಂದಾಗ ಮುಂಭಾಗದ ಓಸಿಟಿ ಮಾಡುವುದುಂಟು. ಆದ್ದರಿಂದ ಸುಮ್ನೆ ಮಾಡಿದರು ಎಂದು ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ರಿಪೋರ್ಟ್ ಕೇಳಿ ತೆಗೆದುಕೊಳ್ಳಿ, ಯಾವ ಭಾಗದ ಸ್ಕ್ಯಾನ್, ಯಾಕೆ ಮಾಡಿದಿರಿ ಎಂದು ಡಾಕ್ಟರನ್ನೇ ಕೇಳಿ. ರಿಪೋರ್ಟೇ ಇಲ್ಲ ಎಂದರೆ ಆ ದುಡ್ಡು ವಾಪಸ್ ಬರಬೇಕು.

ಒಂದು ಪರೀಕ್ಷೆಗೆ ಮಾತ್ರ ಯಾವತ್ತೂ ಬೇಡ ಅನ್ನಬೇಡಿ. ಸುತ್ತಿಗೆಯಿಂದ ಉಳಿ ಹೊಡೆಯುವಾಗ ಸಿಡಿದ ಚೂರು ಕಣ್ಣನ್ನು ತೂರಿಕೊಂಡು ಒಳಗೇ ಹೋಗಬಲ್ಲದು. ಹೊರಗೆ ಗಾಯ ಕಾಣುವುದೇ ಕಷ್ಟ. ಅಂಥ ಸಂದರ್ಭದಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗೆಲ್ಲ ನೋಡುತ್ತಾರೆ, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಬರೆಯುತ್ತಾರೆ. ಅದು ಬೇಕೇ ಬೇಕು.

ಕನ್ಸ್ಯೂಮಬಲ್ಸ್ 350 ಎಂದರೆ ಸೂಜಿ, ಹನಿ, ಹತ್ತಿ, ಬಣ್ಣದ ಪಟ್ಟಿ. ಬಿಡಿಸಿ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ನಿಮ್ಮ ಶಕ್ತಿಯನ್ನು ಅದರ ಮೇಲೆ ಖರ್ಚು ಮಾಡಬೇಡಿ.

ಹಾಗಾದರೆ ಯಾರೂ ಮೊದಲೇ ಯಾಕೆ ಹೇಳುವುದಿಲ್ಲ? ಇದರಲ್ಲಿ ನಮ್ಮ ಪಾಲಿದೆ, ಒಪ್ಪಿಕೊಳ್ಳುತ್ತೇನೆ. ಹತ್ತು ವರ್ಷ ನಾನು ಕೆಲಸ ಮಾಡಿದ ಕಡೆ, ನಾನು ಕೈಯಾರೆ ಮಾಡುತ್ತಿದ್ದ ಕೆಲಸಕ್ಕೆ ಕೌಂಟರಿನಲ್ಲಿ ಎಷ್ಟು ಹಾಕುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ಒಂದು ದಿನ ಕುಂದಗೋಳದ ಕಡೆಯ ಒಬ್ಬ ಅಜ್ಜಿಗೆ ಚುಚ್ಚುತ್ತಿದ್ದ ರೆಪ್ಪೆಗೂದಲು ಕಿತ್ತು ಕಳಿಸಿದೆ. ಎರಡು ನಿಮಿಷದ ಕೆಲಸ. ಅರ್ಧ ಗಂಟೆ ಬಿಟ್ಟು ನೋಡಿದರೆ ಅಜ್ಜಿ ಬಾಗಿಲ ಹತ್ತಿರ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತಾ ನಿಂತಿದ್ದರು. ಬಸ್ಸಿನ ದುಡ್ಡೂ ಸೇರಿ ಸಾಲುತ್ತಿರಲಿಲ್ಲ. ಅವತ್ತಿನಿಂದ ದರದ ಪಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಸೂಜಿ ಎತ್ತುವ ಮೊದಲು ಮೊತ್ತ ಹೇಳುತ್ತೇನೆ. ಹತ್ತು ಸೆಕೆಂಡಿನ ಮಾತು. ಎಲ್ಲ ಡಾಕ್ಟರೂ ಇದನ್ನು ಮಾಡಬಹುದು, ಮಾಡಬೇಕು.

ಕಣ್ಣಿನ ವಿಷಯದಲ್ಲಿ ನಮ್ಮ ಜನಕ್ಕೆ ಬಿಲ್ಲು ಇನ್ನಷ್ಟು ಚುಚ್ಚುವುದಕ್ಕೆ ಬೇರೆ ಕಾರಣವೂ ಇದೆ ಅನ್ನಿಸುತ್ತದೆ. ಈ ನಾಡಿನ ಹಳ್ಳಿಗಳು ಕಣ್ಣಿನ ಚಿಕಿತ್ಸೆಯನ್ನು ಮೊದಲು ಕಂಡದ್ದೇ ಉಚಿತ ಶಿಬಿರಗಳಲ್ಲಿ. ದಾವಣಗೆರೆಯ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಲಕ್ಷಾಂತರ ಜನಕ್ಕೆ ಪೊರೆ ತೆಗೆದರು, ಜನ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು. ಆ ನೆನಪು ಮನೆಮನೆಯಲ್ಲಿ ಇನ್ನೂ ಇದೆ. ಅಂಥ ಕಡೆ ರೆಪ್ಪೆಗೂದಲು ಕೀಳಲೂ ರಸೀದಿ ಕೈಗೆ ಬಂದಾಗ ಆಗುವ ನೋವು ಬರೀ ದುಡ್ಡಿನದಲ್ಲ.

ಕಿಡಿ ಒಂದೇ ಅಲ್ಲ. ರೆಪ್ಪೆಯ ಗಂಟು ಕೊಯ್ದು ತೆಗೆಯುವುದು, ಕಣ್ಣೀರಿನ ನಾಳಕ್ಕೆ ನೀರು ಬಿಟ್ಟು ನೋಡುವುದು, ಇವೆಲ್ಲವೂ ಹೀಗೇ. ನೋಡುವವರಿಗೆ ತಪಾಸಣೆಯ ಭಾಗ, ಬಿಲ್ಲಿನಲ್ಲಿ ಪ್ರೊಸೀಜರ್. ಜಾಸ್ತಿ ಜಗಳ ಆಗುವುದು ಪೊರೆ ಆಪರೇಷನ್ ಆಗಿ ವರ್ಷವೋ ಎರಡು ವರ್ಷವೋ ಬಿಟ್ಟು ಮಾಡುವ ಯಾಗ್ ಲೇಸರ್ ವಿಷಯಕ್ಕೆ. ಲೆನ್ಸ್ ಹಿಂದಿನ ತೆಳು ಪೊರೆ ಕೆಲವರಲ್ಲಿ ಮಬ್ಬಾಗುತ್ತದೆ, ಲೇಸರಿನಲ್ಲಿ ಅದಕ್ಕೊಂದು ಕಿಂಡಿ ಮಾಡುತ್ತೇವೆ. ಆಪರೇಷನ್ ಕೆಟ್ಟಿದ್ದಕ್ಕೆ ಮತ್ತೆ ದುಡ್ಡು ಕೇಳುತ್ತಿದ್ದಾರೆ ಎಂದು ಮಕ್ಕಳು ಸಿಟ್ಟಾಗುತ್ತಾರೆ. ಆಪರೇಷನ್ ಕೆಟ್ಟಿರುವುದಿಲ್ಲ. ಪ್ಯಾಕೇಜಿನಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ, ಅಷ್ಟೆ. ಆಪರೇಷನ್ ದಿನವೇ ಒಂದು ಮಾತು ಹೇಳಿದ್ದರೆ ಆ ಜಗಳ ಹುಟ್ಟುತ್ತಲೇ ಇರಲಿಲ್ಲ.

ಇನ್ನು ದುಡ್ಡು ಯಾರಿಂದ ಬರಬೇಕು ಎನ್ನುವ ಮಾತು. ನೀವು ಆಸ್ಪತ್ರೆ ಮತ್ತು ಇನ್ಶೂರೆನ್ಸ್ ಎರಡನ್ನೇ ಯೋಚಿಸಿದ್ದೀರಿ. ನಾನಾಗಿದ್ದರೆ ಮೊದಲು ಶೆಡ್ಡಿನ ಮಾಲೀಕರ ಹತ್ತಿರ ಹೋಗುತ್ತಿದ್ದೆ. ಇದು ಮನೆಯಲ್ಲಿ ಆದ ಗಾಯವಲ್ಲ, ಕೆಲಸದಲ್ಲಿ ಆದದ್ದು.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆ, ಶೆಡ್ಡುಗಳಿಗೆ ಸರ್ಕಾರದ ಕಾರ್ಮಿಕ ವಿಮಾ ಯೋಜನೆಯಾದ ಇಎಸ್‌ಐ ಅನ್ವಯಿಸುತ್ತದೆ. 2017ರಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಸಂಬಳದ ಚೀಟಿಯಲ್ಲಿ 0.75 ಶೇಕಡಾ ಇಎಸ್‌ಐ ಎಂದು ಕಡಿತ ಆಗುತ್ತಿದೆಯಾ ನೋಡಿ. ಆಗುತ್ತಿದ್ದರೆ ಮಾಲೀಕರಿಂದ ಅಪಘಾತದ ವರದಿ ಬರೆಸಿ, ಮುಂದಿನ ಚಿಕಿತ್ಸೆ ಇಎಸ್‌ಐ ಡಿಸ್ಪೆನ್ಸರಿಯ ಮೂಲಕವೇ ಆಗಲಿ. ತುರ್ತಿನಲ್ಲಿ ಹೊರಗೆ ಕೊಟ್ಟ ದುಡ್ಡಿಗೂ ಅಲ್ಲಿ ಅರ್ಜಿ ಹಾಕಿ ನೋಡಬಹುದು. ಇಎಸ್‌ಐ ಇಲ್ಲದಿದ್ದರೂ ದಾರಿ ಇದೆ. 1923ರ ನೌಕರರ ಪರಿಹಾರ ಕಾಯ್ದೆಗೆ 2009ರಲ್ಲಿ ಒಂದು ಮಾತು ಸೇರಿಸಿದರು: ಕೆಲಸದಲ್ಲಿ ಆದ ಗಾಯಕ್ಕೆ ನೌಕರ ನಿಜವಾಗಿ ಮಾಡಿದ ವೈದ್ಯಕೀಯ ಖರ್ಚನ್ನು ಮಾಲೀಕರು ತುಂಬಿಕೊಡಬೇಕು. ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಸಣ್ಣ ಶೆಡ್ಡಿನ ಮಾಲೀಕರಿಗೆ ಕಾನೂನಿನ ಹೆಸರು ಹೇಳಿ ಹೆದರಿಸುವ ಅಗತ್ಯ ಹೆಚ್ಚಿನ ಸಲ ಬರುವುದಿಲ್ಲ. ಬಿಲ್ಲು ಮುಂದಿಟ್ಟು ಕೇಳಿದರೆ ಅರ್ಧವಾದರೂ ಕೊಡುತ್ತಾರೆ. ಹಾಗೆ ಕೇಳುವಾಗ ಕನ್ನಡಕದ ಮಾತೂ ಎತ್ತಿ. ಗ್ರೈಂಡಿಂಗ್ ಮಾಡುವವರಿಗೆ ಸುರಕ್ಷತಾ ಕನ್ನಡಕ ಕೊಡಿಸುವುದು ಕೆಲಸ ಕೊಡುವವರ ಹೊಣೆ. ನೂರಿನ್ನೂರು ರೂಪಾಯಿಗೆ ಸಿಗುವ ವಸ್ತು ಅದು. ಪಕ್ಕದಿಂದಲೂ ಮುಚ್ಚಿರುವಂಥದ್ದು ಬೇಕು. ಸಾದಾ ಕನ್ನಡಕದ ಸಂದಿಯಿಂದ ಕಿಡಿ ಆರಾಮಾಗಿ ನುಸುಳುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ನೀವು ಬೇಗ ಕೈಬಿಟ್ಟಿದ್ದೀರಿ. ‘ಬರಲ್ಲ’ ಎಂದದ್ದು ಏಜೆಂಟರು, ಕಂಪನಿ ಅಲ್ಲ. ನೀವಿನ್ನೂ ಕ್ಲೇಮ್ ಹಾಕಿಯೇ ಇಲ್ಲ ಅಲ್ವಾ? ಸಾಮಾನ್ಯ ಪಾಲಿಸಿಗಳು 24 ಗಂಟೆ ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ಇದಕ್ಕೆ ಹೊರತಾಗಿ, ಅವತ್ತೇ ಮುಗಿಸಿ ಮನೆಗೆ ಕಳಿಸುವ ಚಿಕಿತ್ಸೆಗಳ ಡೇ ಕೇರ್ ಎಂಬ ಒಂದು ಗುಂಪು ಇದೆ. ಪಾಲಿಸಿ ಪುಸ್ತಕದ ಕೊನೆಯಲ್ಲಿ ಸಾಮಾನ್ಯವಾಗಿ ಇದರ ಉದ್ದನೆಯ ಪಟ್ಟಿ ಇರುತ್ತದೆ. ಅದರಲ್ಲಿ ಕಣ್ಣಿನ ಭಾಗ ತೆಗೆದು ನೋಡಿ. ಅನೇಕ ಕಂಪನಿಗಳ ಪಟ್ಟಿಯಲ್ಲಿ ‘ಕಾರ್ನಿಯಾದಿಂದ ಹೊರವಸ್ತು ತೆಗೆಯುವುದು’ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ರೆಪ್ಪೆಯ ಗಂಟು, ಕಣ್ಣೀರಿನ ನಾಳದ ಕೆಲಸಗಳೂ ಅಲ್ಲೇ ಇರುತ್ತವೆ. ಅದು ಇದ್ದರೆ ಕ್ಲೇಮ್ ಹಾಕಿ. ಆದರೆ ಅದೇ ಪುಸ್ತಕದಲ್ಲಿ, ಮಾಮೂಲಾಗಿ ಓಪಿಡಿಯಲ್ಲಿ ಮಾಡುವ ಚಿಕಿತ್ಸೆ ಡೇ ಕೇರ್ ಆಗುವುದಿಲ್ಲ ಎಂಬ ಸಾಲೂ ಇರುತ್ತದೆ. ಕಂಪನಿ ಅದನ್ನು ತೋರಿಸಬಹುದು. ಆಗ ಪಟ್ಟಿಯಲ್ಲಿ ಹೆಸರು ಹಾಕಿ, ಕೊಡುವಾಗ ಇಲ್ಲ ಅಂದರೆ ಹೇಗೆ ಎಂದು ಕೇಳುವ ನ್ಯಾಯ ನಿಮ್ಮ ಕಡೆ ಇರುತ್ತದೆ.

ಕ್ಲೇಮಿಗೆ ಬಿಡಿಸಿ ಬರೆದ ಬಿಲ್ಲು, ದುಡ್ಡು ಕಟ್ಟಿದ ರಸೀದಿ, ಡಾಕ್ಟರ ಚೀಟಿ, ಮತ್ತು ಏನು ಮಾಡಿದರು ಎಂದು ಡಾಕ್ಟರು ಬರೆದು ಸಹಿ ಮಾಡಿದ ಪ್ರೊಸೀಜರ್ ನೋಟ್ ಬೇಕು. ಕೊನೆಯದನ್ನು ಜನ ಕೇಳುವುದೇ ಇಲ್ಲ, ಕ್ಲೇಮ್ ಬೀಳುವುದು ಅಲ್ಲೇ. ಪಾಲಿಸಿಯಲ್ಲಿ ಹೇಳಿದ ದಿನಗಳೊಳಗೆ ಕಳಿಸಿ. ಆಗುವುದಿಲ್ಲ ಎಂದರೆ ಯಾವ ಷರತ್ತಿನ ಪ್ರಕಾರ ಎಂದು ಬರೆದುಕೊಡಬೇಕು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಸುತ್ತೋಲೆಯಲ್ಲಿ ಇದನ್ನು ಹೇಳಿದೆ. ಆಮೇಲೂ ಒಪ್ಪಿಗೆ ಆಗದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅವರು ತಿರಸ್ಕರಿಸಿದರೆ ಅಥವಾ 30 ದಿನದಲ್ಲಿ ಉತ್ತರ ಕೊಡದಿದ್ದರೆ ಇಂಥ ದೂರುಗಳನ್ನು ಕೇಳಿ ತೀರ್ಮಾನ ಕೊಡುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ನಮ್ಮ ರಾಜ್ಯದ ಕಚೇರಿ ಬೆಂಗಳೂರಿನಲ್ಲಿದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ.

ಒಂದು ಕೆಲಸ ಮಾತ್ರ ಮಾಡಬೇಡಿ. ‘ಒಂದು ದಿನ ಅಡ್ಮಿಟ್ ಆಗಿದ್ದರು ಅಂತ ಬರೆದುಕೊಡಿ ಡಾಕ್ಟ್ರೇ’ ಎಂದು ನನ್ನ ಬಳಿ ತಿಂಗಳಿಗೊಬ್ಬರಾದರೂ ಬರುತ್ತಾರೆ. ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಈ ಕ್ಲೇಮ್ ಒಂದೇ ಅಲ್ಲ, ಇಡೀ ಪಾಲಿಸಿಯೇ ರದ್ದಾಗಬಹುದು. ನಾಳೆ ಮನೆಯಲ್ಲಿ ಯಾರಿಗಾದರೂ ಹೃದಯದ ಆಪರೇಷನ್ ಆಗಬೇಕಾದರೆ ಏನು ಮಾಡುತ್ತೀರಿ?

ಆಸ್ಪತ್ರೆಯ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ, 2017ರಲ್ಲಿ ತಿದ್ದುಪಡಿ ಆಯಿತು. ಆಗ ದರ ನಿಗದಿಯ ವಿರುದ್ಧ ರಾಜ್ಯದ ಡಾಕ್ಟರುಗಳು ಬೀದಿಗಿಳಿದದ್ದು ನಿಮಗೂ ನೆನಪಿರಬಹುದು. ಕೊನೆಗೆ ಖಾಸಗಿಯಾಗಿ ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಗೆ ಸರ್ಕಾರ ದರ ಕಟ್ಟಲಿಲ್ಲ. ಆದ್ದರಿಂದ ‘1,200 ಜಾಸ್ತಿಯಾಯಿತು’ ಎಂದು ದೂರು ಕೊಟ್ಟರೆ ನಿಲ್ಲುವುದು ಕಷ್ಟ. ‘ದರದ ಪಟ್ಟಿ ಹಾಕಿರಲಿಲ್ಲ, ಮೊದಲೇ ಹೇಳಲಿಲ್ಲ, ಮಾಡದ ಓಟಿಗೆ ದುಡ್ಡು ಹಾಕಿದರು’ ಎಂದರೆ ನಿಲ್ಲುತ್ತದೆ. ಯಾಕೆಂದರೆ ದರಗಳನ್ನು ಕಾಣುವಂತೆ ಹಾಕಬೇಕು ಎನ್ನುವುದು ಆ ಕಾಯ್ದೆಯಲ್ಲೇ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಯಾರಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ದರದ ಪಾರದರ್ಶಕತೆ ಸೇರಿದೆ. ಕನ್ಸಲ್ಟೇಶನ್ ದರ ಒಂದನ್ನು ಬೋರ್ಡಿಗೆ ಹಾಕಿ ಉಳಿದದ್ದನ್ನು ಕಂಪ್ಯೂಟರಿನೊಳಗೆ ಇಟ್ಟುಕೊಂಡರೆ ಪಟ್ಟಿ ಹಾಕಿದಂತಾಗುವುದಿಲ್ಲ.

ಮೊದಲು ಆಸ್ಪತ್ರೆಯ ಆಡಳಿತಾಧಿಕಾರಿಗೆ ಒಂದು ಪತ್ರ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬೈಗುಳ ಬೇಡ, ಡಾಕ್ಟರ ಮೇಲೆ ಆರೋಪವೂ ಬೇಡ. ಹೀಗೆ ಬರೆದರೆ ಸಾಕು: ‘ಇಂಥ ದಿನ ನಮ್ಮ ಮನೆಯವರ ಕಣ್ಣಿನಿಂದ ಕಿಡಿ ತೆಗೆದಿರಿ, ಅದಕ್ಕೆ ಧನ್ಯವಾದ. ಕೆಲಸ ಸ್ಲಿಟ್ ಲ್ಯಾಂಪಿನಲ್ಲಿ ಆಯಿತು, ಓಟಿಗೆ ಕರೆದೊಯ್ಯಲಿಲ್ಲ. ಬಿಲ್ಲಿನಲ್ಲಿ ಮೈನರ್ ಓಟಿ 1,500 ಇದೆ. ಓಸಿಟಿ ಯಾಕೆ ಬೇಕಾಯಿತು ಎಂದು ತಿಳಿಸಿ, ರಿಪೋರ್ಟ್ ಕೊಡಿ. ನಿಮ್ಮ ದರದ ಪಟ್ಟಿ, ಪ್ರೊಸೀಜರ್ ನೋಟ್ ಕೊಡಿ. ತಪ್ಪಾಗಿ ಸೇರಿದ್ದರೆ ಹಣ ಹಿಂದಿರುಗಿಸಿ.’ ಹೆಚ್ಚಿನ ಕಡೆ ಮಾತು ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಧಾರವಾಡದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಿ. ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರುವ ದೂರು ಪ್ರಾಧಿಕಾರ ಜಿಲ್ಲೆಯಲ್ಲಿದೆ. 1915 ನಂಬರಿನ ಗ್ರಾಹಕ ಸಹಾಯವಾಣಿಯೂ ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸಿಲ್ಲ, ಆದರೆ ಓಡಾಟ ಇದೆ. 2,300 ರೂಪಾಯಿಗಾಗಿ ದಿನಗೂಲಿ ಬಿಟ್ಟು ಅಲ್ಲಿ ನಿಲ್ಲಬೇಕಾ ಎನ್ನುವುದನ್ನು ನೀವಿಬ್ಬರೂ ಕೂತು ಲೆಕ್ಕ ಹಾಕಿ.

ನಾಳೆ ಹೋದಾಗ ಡಾಕ್ಟರು ಏನಾದರೂ ಮಾಡಬೇಕು ಎಂದರೆ, ಹನಿ ಹಾಕುವ ಮೊದಲೇ ಇಷ್ಟು ಕೇಳಿ: ‘ಡಾಕ್ಟ್ರೇ, ಇದಕ್ಕೆ ಚೀಟಿ ದುಡ್ಡು ಬಿಟ್ಟು ಬೇರೆ ಎಷ್ಟಾಗುತ್ತೆ? ಇವತ್ತೇ ಮಾಡಬೇಕಾ? ಮತ್ತೆ ಬಂದರೆ ಮತ್ತೆ ಕೊಡಬೇಕಾ?’ ತುಕ್ಕಿನ ಉಂಗುರ ಒಂದೇ ಸಲಕ್ಕೆ ಪೂರ್ತಿ ಬರದೇ ಇರುವುದು ಸಾಮಾನ್ಯ, ಒಂದೆರಡು ದಿನ ಬಿಟ್ಟರೆ ಸಡಿಲವಾಗಿ ಸುಲಭವಾಗಿ ಬರುತ್ತದೆ. ಅದಕ್ಕೇ ಮೂರನೇ ದಿನ ಕರೆಯುವುದು. ಹಳೆ ಚೀಟಿ ಎಷ್ಟು ದಿನ ನಡೆಯುತ್ತದೆ ಎಂದೂ ಕೇಳಿ, ಬಹಳ ಕಡೆ ಕೆಲವು ದಿನದವರೆಗೆ ಮತ್ತೆ ಕನ್ಸಲ್ಟೇಶನ್ ತೆಗೆದುಕೊಳ್ಳುವುದಿಲ್ಲ. ಹೀಗೆ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮವರು ಕೇಳಲು ಸಂಕೋಚಪಟ್ಟರೆ ನೀವು ಪಕ್ಕದಲ್ಲಿ ನಿಂತು ಕೇಳಿ.

ತೋರಿಸಿಕೊಂಡು ಬಂದ ಮೇಲೆ ಒಂದು ಸಾಲು ಬರೆಯಿರಿ. ಆಸ್ಪತ್ರೆಯವರು ಏನಂದರು ಎನ್ನುವುದು ತಡವಾದರೂ ಪರವಾಗಿಲ್ಲ, ಅವರ ಕಣ್ಣು ಹೇಗಿದೆ ಎಂದು ಮೊದಲು ತಿಳಿಸಿ.